ನೋಟ್‌ಬುಕ್ಕಿನಿಂದ ಪುಸ್ತಕದವರೆಗೆ: ನಮ್ಮ ಐದು ತಾಲ್ಲೂಕಿನ ಬರಹಗಾರರಿಗೆ ಒಂದಿಷ್ಟು ದಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಬರೆದಿಟ್ಟ ಕಾಗದಕ್ಕೆ ಬರವಿಲ್ಲ. ನಿವೃತ್ತ ಮೇಷ್ಟ್ರ ಕವನದ ನೋಟ್‌ಬುಕ್ಕು, ಬಯಲಾಟದ ಮಾಸ್ತರರ ಮನೆಯಲ್ಲಿರುವ ಕೈಬರಹದ ಪ್ರತಿ, ಊರಿನ ಗುಡಿ, ಶಾಸನ, ಜಾತ್ರೆಗಳ ಮಾಹಿತಿ ಕೂಡಿಸಿಟ್ಟ ಫೈಲು, ಅತ್ತೆ ಹಾಡುತ್ತಿದ್ದ ಸೋಬಾನೆ ಪದಗಳನ್ನು ಸೊಸೆ ಬರೆದುಕೊಂಡ ಡೈರಿ, ಪಿಎಚ್‌.ಡಿ. ಮುಗಿದ ಮೇಲೆ ಬೀರು ಸೇರಿದ ಪ್ರಬಂಧ. ಇವುಗಳಲ್ಲಿ ಪುಸ್ತಕವಾಗುವುದು ಕೆಲವೇ. ‘ಪುಸ್ತಕ ಮಾಡೋದು ಬೆಂಗಳೂರು, ಧಾರವಾಡದವರ ಕೆಲಸ, ನಮಗ್ಯಾರು ಗೊತ್ತು’ ಎಂಬ ಹಿಂಜರಿಕೆ ಇದಕ್ಕೆ ದೊಡ್ಡ ಕಾರಣ.

ಆ ಹಿಂಜರಿಕೆಗೆ ನಮ್ಮ ಸೀಮೆಯಲ್ಲಂತೂ ಆಧಾರವಿಲ್ಲ. ಕುಂ. ವೀರಭದ್ರಪ್ಪನವರು (ಕುಂವೀ) ಕೊಟ್ಟೂರಿನವರೇ, ಈ ಕಡೆಯ ಮಾತಿನ ಬಿಸಿಯನ್ನು ಉಳಿಸಿಕೊಂಡೇ ಬರೆದವರು. ಅವರ ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಕಟ್ಟಿ ಬೆಳೆಸಿದ ರಂಗಭಾರತಿ ನಾಟಕದವರಿಗೆಲ್ಲ ಗೊತ್ತಿರುವ ಹೆಸರು. ಇನ್ನೂ ಹಿಂದಕ್ಕೆ ಹೋದರೆ, 19ನೇ ಶತಮಾನದಲ್ಲಿ ಹಾಡು ಕಟ್ಟಿದ ಹರಪನಹಳ್ಳಿ ಭೀಮವ್ವ. ಆಕೆ ಹುಟ್ಟಿದ ನಾರಾಯಣದೇವರಕೆರೆ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. ಆಕೆಯ ಹಾಡುಗಳು ಮಾತ್ರ ಯಾರೋ ಹಾಡಿ, ಯಾರೋ ಬರೆದುಕೊಂಡು, ಯಾರೋ ಅಚ್ಚು ಹಾಕಿಸಿದ್ದರಿಂದ ನಮ್ಮವರೆಗೂ ಬಂದಿವೆ.

ಅಚ್ಚು ಹಾಕಿಸುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. ನೂರು ಪ್ರತಿ ಬೇಕೆಂದರೂ ಹಾಕಿಕೊಡುವವರಿದ್ದಾರೆ. ತೊಡಕುಗಳು ಇರುವುದು ಅದರ ಹಿಂದೆ ಮತ್ತು ಮುಂದೆ. ಅಕ್ಷರ ಜೋಡಿಸಿದ ಫೈಲು ಯಾರ ಬಳಿ ಇದೆ, ಹಕ್ಕು ಯಾರ ಹೆಸರಲ್ಲಿದೆ, ಪುಸ್ತಕ ಯಾರ ಕೈ ಸೇರುತ್ತದೆ ಎಂಬ ಮೂರು ವಿಷಯಗಳನ್ನು ಬರೆದವರು ಬೇರೆಯವರಿಗೆ ಬಿಟ್ಟುಕೊಡಬಾರದು. ಈ ಲೇಖನದ ಉದ್ದಕ್ಕೂ ನಾನು ಒತ್ತಿ ಹೇಳುವುದು ಅಷ್ಟನ್ನೇ.

ಮೊದಲು ಅಕ್ಷರ

ನಮ್ಮ ಪಟ್ಟಣಗಳ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹೆಚ್ಚಿನ ಕೆಲಸ ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲೇ ನಡೆಯುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹವಾಗಲಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ತೊಂದರೆ ಇರುವುದು ಆ ತಂತ್ರಾಂಶಗಳಲ್ಲಲ್ಲ, ಅವುಗಳ ಹಳೆಯ ಸಂಕೇತದಲ್ಲಿ ಟೈಪ್ ಮಾಡಿದ ಫೈಲಿನಲ್ಲಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ‘ಕೊಟ್ಟೂರು’ ಎಂದು ಹುಡುಕಿದರೆ ಸಿಗುವುದಿಲ್ಲ. ಮುಂದೆ ಇ–ಪುಸ್ತಕ ಮಾಡಬೇಕೆಂದರೆ ಮತ್ತೆ ಮೊದಲಿಂದ ಕೆಲಸ.

ನಿಮ್ಮ ಫೈಲು ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಸಂಕೇತದಲ್ಲಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಫೈಲಿನಿಂದ ಎರಡು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪಿಗೆ ಹಾಕಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್, ಕಲಸುಮೇಲೋಗರವಾದರೆ ಹಳೆಯ ಸಂಕೇತ. ಹಳೆಯದಾಗಿದ್ದರೆ ಗಾಬರಿ ಬೇಡ, ಪರಿವರ್ತಿಸುವ ಉಚಿತ ಸಾಧನಗಳು ಅಂತರ್ಜಾಲದಲ್ಲಿವೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ‘ರ‍್ಯಾಂಕ್’ ‘ರ‍್ಯಾಲಿ’ಯಂಥ ಪದಗಳು, ಅಂಕಿಗಳು, ಉದ್ಧರಣ ಚಿಹ್ನೆಗಳು ಇವಿಷ್ಟನ್ನು ಕಣ್ಣಿಟ್ಟು ನೋಡಿ. ತಪ್ಪುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ಹೊಸದಾಗಿ ಟೈಪ್ ಮಾಡಿಸುವವರು ಮೊದಲ ದಿನವೇ ‘ಯೂನಿಕೋಡಿನಲ್ಲಿ ಬೇಕು, ಪಿಡಿಎಫ್ ಜೊತೆಗೆ ಓಪನ್ ಫೈಲೂ (ತಿದ್ದಲು ಬರುವ ಮೂಲ ಫೈಲು) ಕೊಡಬೇಕು’ ಎಂದು ಮಾತಾಡಿಕೊಳ್ಳಿ. ಓಪನ್ ಫೈಲಿನ ಮಾತು ದುಡ್ಡು ಕೊಟ್ಟಾದ ಮೇಲೆ ಬಂದರೆ ಮನಸ್ತಾಪಕ್ಕೆ ದಾರಿ.

ಟೈಪಿಂಗ್ ಬಾರದ ಹಿರಿಯರು ಮೊಬೈಲಿನ ಗೂಗಲ್ ಕೀಬೋರ್ಡಿನಲ್ಲಿ ಮೈಕಿನ ಗುರುತು ಒತ್ತಿ, ಕನ್ನಡದಲ್ಲಿ ಹೇಳುತ್ತ ಹೋದರೂ ಆಗುತ್ತದೆ. ದಿನಕ್ಕೆ ಎರಡು ಪುಟ ಹೇಳಿ, ಮಕ್ಕಳಿಂದಲೋ ಮೊಮ್ಮಕ್ಕಳಿಂದಲೋ ಅದೇ ದಿನ ತಿದ್ದಿಸಿಕೊಳ್ಳುವುದು ಒಳ್ಳೆಯದು. ಯಂತ್ರಕ್ಕೆ ಗ್ರಾಂಥಿಕ ಕನ್ನಡ ಚೆನ್ನಾಗಿ ತಿಳಿಯುತ್ತದೆ; ನಮ್ಮ ‘ಐತಿ’, ‘ಅದಾನ’, ‘ಹೋಗ್ಯಾರ’ ಬಂದ ಕಡೆ ತಡವರಿಸಿ ಬೇರೆ ಪದ ಕೂರಿಸಿಬಿಡುತ್ತದೆ. ಊರ ಹೆಸರು, ಅಡ್ಡಹೆಸರುಗಳನ್ನೂ ಕೆಡಿಸುತ್ತದೆ.

ಆಡುಮಾತಿನ ವಿಷಯದಲ್ಲಿ ಪ್ರೂಫ್ ನೋಡುವವರದೂ ಇದೇ ಕಾಟ. ದೂರದ ಊರಿನ ಕರಡುತಿದ್ದುಗರು ‘ಐತಿ’ಯನ್ನು ‘ಇದೆ’ ಮಾಡಿ, ಪಾತ್ರದ ಬಾಯಿಂದ ಊರನ್ನೇ ಕಿತ್ತುಹಾಕುತ್ತಾರೆ. ಅದಕ್ಕೆ ಒಂದೇ ಹಾಳೆಯ ಪಟ್ಟಿ ಮಾಡಿ ಹಸ್ತಪ್ರತಿಯ ಜೊತೆ ಇಡಿ: ಈ ಪದಗಳನ್ನು ಹೀಗೇ ಉಳಿಸಬೇಕು, ಈ ಹೆಸರುಗಳ ಕಾಗುಣಿತ ಹೀಗೆ, ಸಂಭಾಷಣೆಯಲ್ಲಿ ಆಡುಮಾತು, ನಿರೂಪಣೆಯಲ್ಲಿ ಶಿಷ್ಟರೂಪ. ಈ ಹಾಳೆಯಿಂದ ಉಳಿಯುವ ಜಗಳ, ಖರ್ಚು ಎರಡೂ ಬಹಳ. ಪ್ರೂಫನ್ನು ಮೊಬೈಲಿನಲ್ಲಿ ನೋಡಬೇಡಿ. ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು, ಗಟ್ಟಿಯಾಗಿ ಓದುತ್ತ ನೋಡಿ. ಒಂದು ಸುತ್ತಾದರೂ ಬರೆದವರಲ್ಲದ ಬೇರೊಬ್ಬರು ನೋಡಲೇಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಪತ್ರದ ಕರಡು, ಇಂಗ್ಲಿಷ್ ಪರಿಚಯದಂಥ ಸಣ್ಣ ಕೆಲಸ ಮಾಡಿಸಿಕೊಳ್ಳಬಹುದು. ಕಥೆ, ಕವಿತೆ ತಿದ್ದಲು ಕೊಟ್ಟರೆ ಎಲ್ಲ ಸೀಮೆಯ ಕನ್ನಡವನ್ನೂ ಒಂದೇ ಅಚ್ಚಿಗೆ ಸುರಿಯುತ್ತವೆ. ಇಸವಿ, ಹೆಸರುಗಳನ್ನು ತಾವೇ ಹುಟ್ಟಿಸಿ ಸೇರಿಸುವುದೂ ಉಂಟು.

ಊರಿನ ಚರಿತ್ರೆ ಬರೆಯುವವರಿಗೆ

ನಮ್ಮ ಕಡೆ ಅತಿ ಹೆಚ್ಚು ಬರುವ ಹಸ್ತಪ್ರತಿ ಎಂದರೆ ಗ್ರಾಮಚರಿತ್ರೆ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಅಂಬಳಿ, ಹಿರೇಹಡಗಲಿ, ಉಚ್ಚಂಗಿದುರ್ಗ ಎನ್ನುತ್ತ ಹೋದರೆ ಬರೆಯಲು ವಿಷಯಕ್ಕೆ ಕೊನೆಯಿಲ್ಲ. ಆಧಾರಗಳು ಮಾತ್ರ ಊರೂರಿಗೆ ಚದುರಿವೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು, ಆದ್ದರಿಂದ ಹಳೆಯ ಸರ್ಕಾರಿ ಕಾಗದಗಳ ಜಾಡು ಚೆನ್ನೈಗೆ ಹೋಗುತ್ತದೆ. ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಆ ತಾಲ್ಲೂಕಿನ ಕಾಗದಪತ್ರ ಹುಡುಕುವವರು ಮೂರೂ ಕಡೆ ಕೇಳಬೇಕು.

ಮನೆಯಲ್ಲೇ ಕೂತು ನೋಡಬಹುದಾದದ್ದೂ ಇದೆ. ಜಾನ್ ಕೆಲ್ಸಾಲ್ ಬರೆದ 1872ರ ಬಳ್ಳಾರಿ ಜಿಲ್ಲಾ ಕೈಪಿಡಿ, ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗ್ಯಾಜೆಟಿಯರ್ ಎರಡೂ ಹಕ್ಕುಸ್ವಾಮ್ಯದ ಅವಧಿ ಮುಗಿದು ಅಂತರ್ಜಾಲದಲ್ಲಿ ಸಿಗುವ ಪುಸ್ತಕಗಳು. ಶಾಸನಗಳಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಿ. ಸಾವಿರ ವರ್ಷದ ಶಾಸನ ಯಾರ ಸ್ವತ್ತೂ ಅಲ್ಲ. ಅದನ್ನು ಓದಿ, ಪಾಠ ಕೊಟ್ಟು, ಟಿಪ್ಪಣಿ ಬರೆದವರ ಶ್ರಮ ಮಾತ್ರ ಅವರದೇ. ಹೆಸರು ಹೇಳದೆ ಎತ್ತಿ ಹಾಕಿಕೊಳ್ಳುವುದು ನಮ್ಮ ಗ್ರಾಮಚರಿತ್ರೆಗಳ ದೊಡ್ಡ ದೋಷ. ಒಳ್ಳೆಯ ಪುಸ್ತಕದ ಮೇಲಿನ ನಂಬಿಕೆಯನ್ನೂ ಅದು ಕೆಡಿಸುತ್ತದೆ.

ಜನಪದ ಹಾಡು, ಬಯಲಾಟ ಸಂಗ್ರಹಿಸುವವರು ಹಾಡಿದವರ ಹೆಸರು, ಊರು, ಹಾಡಿದ ದಿನಾಂಕವನ್ನು ಪ್ರತಿ ಹಾಡಿನ ಕೆಳಗೆ ಕೊಡಬೇಕು. ಅವರಿಂದ ಒಪ್ಪಿಗೆ ಪಡೆಯಿರಿ; ಸಹಿ ಬಾರದವರಾದರೆ ಒಪ್ಪಿಗೆಯ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಪುಸ್ತಕ ಬಂದಾಗ ಮೊದಲ ಪ್ರತಿ ಅವರ ಮನೆಗೆ ಹೋಗಲಿ.

ಹಕ್ಕಿನ ಕಾಗದ

ಬರೆದ ಕ್ಷಣದಿಂದಲೇ ಬರಹದ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ಅವರು ತೀರಿಹೋದ ನಂತರದ 60 ವರ್ಷ ಈ ಹಕ್ಕು ಇರುತ್ತದೆ. ಭೀಮವ್ವನ ಹಾಡುಗಳನ್ನು ಇವತ್ತು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದರೆ ಇತ್ತೀಚೆಗೆ ಯಾರೋ ಬರೆದ ಪೀಠಿಕೆ, ಟಿಪ್ಪಣಿಗಳನ್ನು ಹಾಗೆ ಬಳಸುವಂತಿಲ್ಲ.

ಪ್ರಕಾಶಕರು ಸಿಕ್ಕರೆ ಸಂತೋಷ. ಬಾಯಿಮಾತಿನ ಒಪ್ಪಂದ ಮಾತ್ರ ಬೇಡ, ಎಷ್ಟೇ ಸ್ನೇಹಿತರಾದರೂ ಬೇಡ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇದ್ದರೆ ಮಾತ್ರ ಕಾಯ್ದೆ ಒಪ್ಪುತ್ತದೆ. ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆಯೇ ಹೇಳಿದೆ. ಸಹಿ ಹಾಕುವ ಮುಂಚೆ ನೋಡಬೇಕಾದದ್ದು: ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಮುದ್ರಿತ ಬೆಲೆಯ ಮೇಲೋ ಮಾರಾಟದ ಮೇಲೋ (ಶೇ 10 ಸಾಮಾನ್ಯವಾಗಿ ಕೇಳಿಬರುವ ದರ), ಲೆಕ್ಕ ಕೊಡುವುದು ಯಾವಾಗ. ಇದೆಲ್ಲದಕ್ಕಿಂತ ಮುಖ್ಯವಾದದ್ದು ಅನುವಾದ, ಸಿನಿಮಾ, ನಾಟಕ, ಧ್ವನಿಪುಸ್ತಕ, ಇ–ಪುಸ್ತಕದ ಹಕ್ಕು ಯಾರದು ಎಂಬ ಸಾಲು. ‘ಎಲ್ಲ ಹಕ್ಕುಗಳೂ ಪ್ರಕಾಶಕರವು’ ಎಂದಿದ್ದರೆ ಅಲ್ಲೇ ನಿಲ್ಲಿ.

ಇದು ದೊಡ್ಡವರ ಮಾತು ಎಂದುಕೊಳ್ಳಬೇಡಿ. ಕುಂವೀ ಅವರ ‘ಕೊಟ್ರ ಹೈಸ್ಕೂಲಿಗೆ ಸೇರಿದ್ದು’ ಎಂಬ ಸಣ್ಣ ಕಥೆ 1994ರಲ್ಲಿ ‘ಕೊಟ್ರೇಶಿ ಕನಸು’ ಸಿನಿಮಾ ಆಯಿತು. ಅವರ ಇನ್ನೊಂದು ಕಥೆಯಿಂದ ಗಿರೀಶ ಕಾಸರವಳ್ಳಿಯವರ ‘ಕೂರ್ಮಾವತಾರ’ ಬಂತು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು, ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮನಾಗಿ ಹಂಚಿಕೆಯಾಯಿತು. ರಾಜಧಾನಿಯ ಆಚೆ ಕೂತು ಬರೆದ ಸಣ್ಣ ಕಥೆಗಳೇ ಇಷ್ಟು ದೂರ ಹೋಗುವ ಕಾಲದಲ್ಲಿ ಅನುವಾದದ ಹಕ್ಕನ್ನು ನೂರು ಗೌರವ ಪ್ರತಿಗೆ ಬರೆದುಕೊಡಬಾರದು.

ದುಡ್ಡು ಕೇಳುವವರ ಬಗ್ಗೆಯೂ ಹೇಳಬೇಕು. ‘ನಿಮ್ಮ ಕವನ ಆಯ್ಕೆಯಾಗಿದೆ, ನೋಂದಣಿ ಶುಲ್ಕ ಕಳಿಸಿ, ಪ್ರಮಾಣಪತ್ರ ಕೊಡುತ್ತೇವೆ’ ಎಂಬ ಸಂದೇಶಗಳು, ಶುಲ್ಕ ಕಟ್ಟಿದರೆ ಬರುವ ಪ್ರಶಸ್ತಿಗಳು ಹೊಸ ಬರಹಗಾರರ, ಅದರಲ್ಲೂ ಶಿಕ್ಷಕರ ಮತ್ತು ಗೃಹಿಣಿಯರ ಆಸೆಯ ಮೇಲೆ ನಡೆಯುವ ವ್ಯಾಪಾರ. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ಗೌರವದ ಕೆಲಸ. ಪ್ರಶಸ್ತಿಗೆ ಹಣ ಕಟ್ಟುವುದು ಅಂಥದ್ದಲ್ಲ.

ಐಎಸ್‌ಬಿಎನ್, ವಿವರದ ಪುಟ, ಮುದ್ರಣ

ಐಎಸ್‌ಬಿಎನ್ ಎಂಬ 13 ಅಂಕಿಯ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಕೊಡುತ್ತದೆ. ಪೂರ್ತಿ ಉಚಿತ. ಆನ್‌ಲೈನಿನಲ್ಲಿ ಖಾತೆ ತೆರೆದು, ಗುರುತಿನ ಚೀಟಿ, ವಿಳಾಸದ ದಾಖಲೆ, ಪುಸ್ತಕದ ವಿವರ ಕೊಟ್ಟು ಲೇಖಕರೇ ಪಡೆಯಬಹುದು. ಇದಕ್ಕೆಂದು ಸಾವಿರಗಟ್ಟಲೆ ಕೇಳುವವರಿಗೆ ಕೊಡಬೇಡಿ. ಮುದ್ರಣಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕಿ. ಮುದ್ರಿತ ಪುಸ್ತಕಕ್ಕೆ ಒಂದು ಸಂಖ್ಯೆ, ಇ–ಪುಸ್ತಕಕ್ಕೆ ಬೇರೆ. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹಳೆಯದೇ ಸಾಕು. ಐಎಸ್‌ಬಿಎನ್ ಗುಣಮಟ್ಟದ ಮುದ್ರೆಯಲ್ಲ ಎಂಬುದೂ ನೆನಪಿರಲಿ, ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ.

ಶೀರ್ಷಿಕೆ ಪುಟದ ಬೆನ್ನಿಗೆ ಬರುವ ವಿವರದ ಪುಟವನ್ನು ಡಿಟಿಪಿಯವರಿಗೆ ಬಿಡದೆ ನೀವೇ ಬರೆದುಕೊಡಿ. ಅದು ಹೀಗಿರಲಿ: ಪುಸ್ತಕದ ಹೆಸರು, ಪ್ರಕಾರ, ಲೇಖಕರು, ಪ್ರಕಾಶಕರು ಮತ್ತು ವಿಳಾಸ. ಮೊದಲ ಮುದ್ರಣ: ಇಸವಿ. ಹಕ್ಕುಗಳು: ಲೇಖಕರವು. ಪುಟಗಳು: 16 + 144. ಪ್ರತಿಗಳು: 500. ಆಕಾರ: ಡೆಮಿ 1/8. ಕಾಗದ: 70 ಜಿಎಸ್‌ಎಂ ಎನ್‌.ಎಸ್‌. ಮ್ಯಾಪ್‌ಲಿತೊ. ಬೆಲೆ, ಐಎಸ್‌ಬಿಎನ್, ಮುಖಪುಟ ವಿನ್ಯಾಸ, ಅಕ್ಷರ ಜೋಡಣೆ, ಮುದ್ರಕರು. ಇವೇ ವಿವರಗಳನ್ನು ಇಂಗ್ಲಿಷಿನಲ್ಲೂ ಒಂದು ಸಲ ಕೊಟ್ಟರೆ ಹೊರರಾಜ್ಯದ ಗ್ರಂಥಾಲಯಗಳಿಗೆ ಅನುಕೂಲ. ಇಲ್ಲಿ ‘ಹಕ್ಕುಗಳು’ ಎಂಬ ಸಾಲಿನಲ್ಲಿ ಯಾರ ಹೆಸರಿದೆ ಎಂದು ಕೊನೆಯ ಪ್ರೂಫಿನಲ್ಲೂ ನೋಡಿ. ಪುಟಗಳ ಮೊತ್ತ 160 ಆದದ್ದು ಲೆಕ್ಕ ಹಾಕಿಯೇ. ಪುಸ್ತಕ ಮುದ್ರಣವಾಗುವುದು 16 ಪುಟದ ಫಾರ್ಮುಗಳಲ್ಲಿ. 163 ಪುಟವಾದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರ್ಮಿನ ಖರ್ಚು, ಕೊನೆಗೆ ಖಾಲಿ ಹಾಳೆ.

ಮುದ್ರಣಕ್ಕೆ ಹೊಸಪೇಟೆ, ಬಳ್ಳಾರಿ, ದಾವಣಗೆರೆ, ಗದಗ, ಹುಬ್ಬಳ್ಳಿ ಎಲ್ಲವೂ ನಮಗೆ ಹತ್ತಿರ. ಬಯಲಾಟ, ಪುರಾಣ, ನಾಟಕದ ಪುಸ್ತಕಗಳನ್ನು ನಮ್ಮ ಹಳ್ಳಿಗಳಿಗೆಲ್ಲ ಮುಟ್ಟಿಸಿದ್ದು ಗದುಗಿನ ಪಿ.ಸಿ. ಶಾಬಾದಿಮಠರಂಥ ಪ್ರಕಾಶಕರೇ. 100–200 ಪ್ರತಿ ಸಾಕಾದರೆ ಡಿಜಿಟಲ್ ಮುದ್ರಣ, 500ರಿಂದ ಮೇಲಾದರೆ ಆಫ್‌ಸೆಟ್. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ಪ್ರತಿ ಎಷ್ಟಾದರೂ ಒಂದೇ, ಹೀಗಾಗಿ ಹೆಚ್ಚು ಪ್ರತಿ ಹಾಕಿದಷ್ಟೂ ಒಂದರ ಬೆಲೆ ಇಳಿಯುತ್ತದೆ. ಆ ಲೆಕ್ಕಕ್ಕೆ ಮರುಳಾಗಿ ಸಾವಿರ ಪ್ರತಿ ಹಾಕಿಸಿ ಅಟ್ಟ ತುಂಬಿಸಿಕೊಳ್ಳಬೇಡಿ. ಮೊದಲ ಪುಸ್ತಕಕ್ಕೆ 300 ಸಾಕು ಎಂಬುದು ನನ್ನ ಅಭಿಪ್ರಾಯ. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸಿ ಕಳಿಸುವ ಬೆಂಗಳೂರಿನ ಪೋಥಿ ಡಾಟ್ ಕಾಮ್‌ನಂಥ ಸೇವೆಗಳೂ ಇವೆ, ಆದರೆ ಅಲ್ಲಿ ಪ್ರತಿಯೊಂದರ ಬೆಲೆ ಏರುತ್ತದೆ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಮುದ್ರಣದ ಕೆಲಸಕ್ಕೆ ಇದೆ. ದರಪಟ್ಟಿಯನ್ನು ತೆರಿಗೆ ಸೇರಿಸಿ ಬರಹದಲ್ಲೇ ಪಡೆಯಿರಿ. ಎಲ್ಲ ಪ್ರತಿ ಮುದ್ರಣವಾಗುವ ಮುನ್ನ ಒಂದು ಡಮ್ಮಿ ಪ್ರತಿ ಕೈಗೆ ಬರಲಿ. ಅದನ್ನು ಮಧ್ಯಕ್ಕೆ ಅಗಲವಾಗಿ ಬಿಡಿಸಿ, ಹಾಳೆ ಕಿತ್ತು ಬರುತ್ತದೆಯೇ, ಒಳಅಂಚಿನ ಅಕ್ಷರ ನುಂಗಿಹೋಗಿದೆಯೇ ನೋಡಿ.

ಓದುಗರ ಕೈಗೆ

ಬಿಡುಗಡೆಯ ದಿನ ಶಾಮಿಯಾನ, ಹಾರ, ಊಟಕ್ಕೆ ಖರ್ಚು ಮಾಡಿ, ವೇದಿಕೆಯಲ್ಲಿದ್ದವರಿಗೆಲ್ಲ ಪುಸ್ತಕ ಹಂಚಿ, ಮರುದಿನ ಮಾರಲು ದಾರಿ ಕಾಣದೆ ಕೂರುವವರು ಬಹಳ. ನಾನು ಹೇಳುವುದು ಇದು: ಬಿಡುಗಡೆ ಸರಳವಾಗಿರಲಿ, ಪುಸ್ತಕಕ್ಕೆ ಅಂದೇ ಬೆಲೆ ಇರಲಿ, ಬಾಗಿಲ ಬಳಿ ಕ್ಯೂಆರ್ ಕೋಡ್ ಇಟ್ಟು ಒಬ್ಬರನ್ನು ಕೂರಿಸಿ. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಆ ಕ್ಷೇತ್ರಗಳಿಗೆ ಸಂಬಂಧಿಸಿದ ಪುಸ್ತಕ ಅಲ್ಲಿ ಮಾರಾಟವಾಗದೆ ಇನ್ನೆಲ್ಲಿ ಆಗಬೇಕು? ಅಂಗಡಿಯವರು, ವಿತರಕರು ಸಾಮಾನ್ಯವಾಗಿ ಶೇ 30ರಿಂದ 40 ರಿಯಾಯಿತಿ ಕೇಳುತ್ತಾರೆ. ಬೆಲೆ ಹಾಕುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಅಂಚೆಯಲ್ಲಿ ಕಳಿಸುವವರಿಗೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಬಂದಿದೆ. ಶುರುವಾದಾಗ ಇಟ್ಟ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕ ಎಲ್ಲಿಗೆ ತಲುಪಿತೆಂದು ಮೊಬೈಲಿನಲ್ಲೇ ನೋಡಬಹುದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ನಿಯತಕಾಲಿಕಗಳಿಗೆ ಈ ಸೇವೆ ಇಲ್ಲ. ಕೂಡ್ಲಿಗಿಯಿಂದ ಕಲಬುರಗಿಗೋ ಮಂಗಳೂರಿಗೋ ಒಂದು ಪುಸ್ತಕ ಕಳಿಸಲು ಕೊರಿಯರಿಗಿಂತ ಇದು ಅಗ್ಗ.

ಸರ್ಕಾರದ ನೆರವೂ ಇದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಇದಕ್ಕೆ ವಯೋಮಿತಿ ಇದೆ, ಅರ್ಜಿ ಕರೆದಾಗ ಹಸ್ತಪ್ರತಿಯನ್ನೇ ಕಳಿಸಬೇಕು. ಪುಸ್ತಕ ಅಚ್ಚಾದ ಮೇಲೆ ಕೇಳಿ ಪ್ರಯೋಜನವಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯಾ ವರ್ಷ ಪ್ರಕಟವಾದ ಪುಸ್ತಕಗಳ ಅರ್ಜಿ ಕರೆಯುತ್ತಾರೆ. ಅದಕ್ಕೂ ಮುಂಚೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಪ್ರತಿಗಳನ್ನು ಸಲ್ಲಿಸಿ ನೋಂದಣಿ ಮಾಡಿಸಿಕೊಳ್ಳಿ. ಆಯ್ಕೆ ತಡವಾಗುತ್ತದೆ, ದರ ಸಾಲದು, ಹಣ ಬರಲು ವರ್ಷಗಟ್ಟಲೆ ಕಾಯಬೇಕು ಎಂಬುದು ಕನ್ನಡ ಪ್ರಕಾಶಕರ ಹಳೆಯ ದೂರು. ದೂರು ನ್ಯಾಯವಾದದ್ದೇ. ನಾವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೆಂದು ಶೇ 6ರಷ್ಟು ವಸೂಲಾಗುತ್ತದೆ. ಆ ಹಣ ಕಾಲಕ್ಕೆ ಸರಿಯಾಗಿ ಪುಸ್ತಕವಾಗಿ ನಮ್ಮ ಊರಿಗೆ ಮರಳಬೇಕೆಂದು ಕೇಳುವ ಹಕ್ಕು ಓದುಗರಿಗೂ ಇದೆ. ಸದ್ಯಕ್ಕೆ ಈ ಖರೀದಿಯನ್ನು ನಂಬಿ ಸಾಲ ಮಾಡಬೇಡಿ.

1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತು ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಪ್ರಕಟವಾದ 30 ದಿನದೊಳಗೆ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆಯಾದರೆ ಆ ಹೊಣೆ ನಿಮ್ಮದೇ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ.

ಕಾಗದದ ಆಚೆಗೂ ದಾರಿಗಳಿವೆ. ಕನ್ನಡದ ಇ–ಪುಸ್ತಕ, ಧ್ವನಿಪುಸ್ತಕಗಳಿಗೆಂದೇ ಮೈಲ್ಯಾಂಗ್ ಬುಕ್ಸ್‌ನಂಥ ಆ್ಯಪ್ ಇದೆ. ಹಣದ ಆಸೆಯಿಲ್ಲ, ಎಲ್ಲರೂ ಓದಲಿ ಎನ್ನುವವರು ಯೂನಿಕೋಡ್ ಪಿಡಿಎಫನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇಡಬಹುದು. ಬಯಲಾಟ, ಸೋಬಾನೆಯಂಥವು ಅಕ್ಷರದಲ್ಲಿ ಅರ್ಧ ಮಾತ್ರ ಉಳಿಯುತ್ತವೆ. ಹಾಡಿದ್ದನ್ನು ರೆಕಾರ್ಡ್ ಮಾಡಿ, ಅದರ ಕ್ಯೂಆರ್ ಕೋಡನ್ನು ಹಾಡಿನ ಪಕ್ಕ ಅಚ್ಚು ಹಾಕಿಸಿದರೆ ಓದುಗರಿಗೆ ಮಟ್ಟೂ ಸಿಗುತ್ತದೆ.

ಪುಸ್ತಕ ಮಾಡುವ ಶಕ್ತಿ ಇಲ್ಲದವರಿಗೂ ಒಂದು ಮಾತು. ಮನೆಯಲ್ಲಿ ತಾಳೆಗರಿ, ಹಳೆಯ ಕೈಬರಹದ ಪುರಾಣ, ಬಯಲಾಟದ ಪ್ರತಿಗಳಿದ್ದರೆ ಗುಜರಿಗೆ ಹಾಕಬೇಡಿ, ಪೂಜೆಯ ಕೋಣೆಯಲ್ಲಿ ಹುಳ ಹಿಡಿಯಲೂ ಬಿಡಬೇಡಿ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ, ಅದು ನಮ್ಮದೇ ಜಿಲ್ಲೆಯಲ್ಲಿದೆ. ಪುಸ್ತಕ ತಂದವರು ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಂದು, ಓದಿದ ಶಾಲೆಗೆ ಒಂದು, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನು ಬಿಡುಗಡೆಗೆ ಮುಂಚೆಯೇ ಎತ್ತಿಡಿ. ಓಪನ್ ಫೈಲನ್ನು ಇವತ್ತೇ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು, ನಿಮ್ಮದೇ ಇಮೇಲಿಗೂ ಕಳಿಸಿಕೊಳ್ಳಿ.